ಹಾಡಿದವರ ಹೆಸರಿದೆ, ತಬಲಾ ನುಡಿಸಿದವರು ಯಾರು?

ಮಾನ್ಯರೇ,

ಈಗಿನ ಹುಡುಗರಿಗೆ ಒಂದು ಇಡೀ ಆಲ್ಬಂ ಕೂತು ಕೇಳುವ ವ್ಯವಧಾನವಿಲ್ಲ, ಅರ್ಧ ನಿಮಿಷದ ತುಣುಕು ಸಿಕ್ಕರೆ ಸಾಕು, ಸಂಗೀತದ ಕಥೆ ಇನ್ನು ಮುಗಿದಂತೆಯೇ ಎಂದು ಕಳೆದ ವಾರ ನಿಮ್ಮ ಓದುಗರೊಬ್ಬರು ಬರೆದಿದ್ದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ದೂರು ತಪ್ಪು ವಿಳಾಸಕ್ಕೆ ಹೋಗಿದೆ: ತಪ್ಪು ಕೇಳುವ ಮಕ್ಕಳದಲ್ಲ, ಹಾಡಿನ ಜೊತೆ ಹೆಸರು, ವಿವರಗಳನ್ನು ಸರಿಯಾಗಿ ಕೊಡದವರದು.

ಧಾರವಾಡದ ಮಾಳಮಡ್ಡಿಯಲ್ಲಿ ನಾವೊಂದಷ್ಟು ಜನ ಭಾನುವಾರದ ಸಂಜೆ ಒಬ್ಬರ ಮನೆಯ ಮಹಡಿಯಲ್ಲಿ ಸೇರಿ ರೆಕಾರ್ಡು ಕೇಳುತ್ತೇವೆ. ಬಳಗಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಬಹುಶಃ ಅದಕ್ಕೇ ಇನ್ನೂ ಒಡೆದಿಲ್ಲ. ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಕಂಪನಿ ನಾಟಕದ ಹಾಡುಗಳನ್ನೆಲ್ಲ ಬಾಯಿಪಾಠ ಬಲ್ಲ ಒಬ್ಬ ದರ್ಜಿ, ತಬಲಾ ಕಲಿಸುವ ಮೇಷ್ಟ್ರು, ಎಂಜಿನಿಯರಿಂಗ್ ಓದುವ ಎರಡು ಮೂರು ಮಕ್ಕಳು, ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದ ನಾನು, ಇಷ್ಟೇ ನಮ್ಮ ಸಭೆ. ರೆಕಾರ್ಡು ತಿರುಗುವಾಗ ಮಾತಾಡುವಂತಿಲ್ಲ, ‘ವಾಹ್’ ಕೂಡ ಅನ್ನುವಂತಿಲ್ಲ. ಮುಗಿದ ಮೇಲೆ ಬಾಯಿ ತೆರೆಯುವ ಮೊದಲು ಎಲ್ಲರೂ ಅನ್ನಿಸಿದ್ದನ್ನು ಚೀಟಿಯಲ್ಲಿ ಬರೆಯಬೇಕು. ಹಿರಿಯರು ಮೊದಲು ಮಾತಾಡಿಬಿಟ್ಟರೆ ಉಳಿದವರೆಲ್ಲ ಗೋಣು ಆಡಿಸುತ್ತಾರೆ, ಅದಕ್ಕೆ ಈ ಏರ್ಪಾಡು. ‘ಅದ್ಭುತ’, ‘ದೈವಿಕ’, ‘ಅಲೌಕಿಕ’ ಎಂದು ಬರೆದವರು ಮುಂದಿನ ವಾರ ಎಲ್ಲರಿಗೂ ಗಿರ್ಮಿಟ್ ತರಬೇಕು. ಈ ದಂಡವನ್ನು ಅತಿ ಹೆಚ್ಚು ತೆತ್ತವರು ಬ್ಯಾಂಕಿನವರೇ.

ಈ ಮಳೆಗಾಲದಲ್ಲಿ ಒಂದು ಸಂಜೆ ಅವರ ರೆಕಾರ್ಡ್ ಪ್ಲೇಯರ್ ಮುಷ್ಕರ ಹೂಡಿತು. ಸರಿ, ಮೊಬೈಲಿನಲ್ಲೇ ಕೇಳೋಣ ಎಂದು ಮಲ್ಲಿಕಾರ್ಜುನ ಮನ್ಸೂರರ ಗಾಯನವೊಂದನ್ನು ಹಚ್ಚಿದೆವು. ಪರದೆಯ ಮೇಲೆ ‘ರಾಗ ಭೈರವ’ ಎಂದಿತ್ತು. ಮುಗಿದ ಮೇಲೆ ಚೀಟಿಗಳನ್ನು ಓದಿದೆವು. ‘ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೋ ಗೊತ್ತೇ ಆಗಲಿಲ್ಲ, ಹೊಲಿಗೆ ಕಾಣದ ಅಂಗಿ’ ಎಂದು ದರ್ಜಿಯವರು ಬರೆದಿದ್ದರು. ಮೇಷ್ಟ್ರ ಚೀಟಿಯಲ್ಲಿ, ‘ತಬಲಾದವರು ಎಲ್ಲೂ ಮುಂದೆ ಬಂದಿಲ್ಲ, ಠೇಕಾ (ತಾಳದ ಮೂಲ ನಡೆ) ಬಿಟ್ಟು ಆಚೀಚೆ ಹೋಗಿಲ್ಲ. ಯಾರಿವರು?’ ಎಂದಿತ್ತು. ಎಂಜಿನಿಯರಿಂಗಿನ ಎರಡನೇ ವರ್ಷದ ಹುಡುಗಿ ಬರೆದದ್ದು ಒಂದೇ ಸಾಲು: ‘ನಡುವೆ ಕೋಮಲ ಗಾಂಧಾರ ಕೇಳಿಸಿತು, ಭೈರವದಲ್ಲಿ ಅದು ಬರಬಾರದಲ್ಲವೇ?’

ಬರಬಾರದು. ಭೈರವದಲ್ಲಿ ರಿಷಭ, ಧೈವತ (ರಿ, ಧ) ಸ್ವರಗಳು ಕೋಮಲ, ಅಂದರೆ ತುಸು ಇಳಿಸಿದವು, ಗಾಂಧಾರ (ಗ) ಶುದ್ಧವೇ. ಮೇಷ್ಟ್ರು ಇನ್ನೊಮ್ಮೆ ಹಚ್ಚಲು ಹೇಳಿ ಕಣ್ಣು ಮುಚ್ಚಿ ಕೂತರು. ಭೈರವವೆಂದೇ ಸಾಗುತ್ತಿದ್ದ ಆಲಾಪ ಒಂದು ತಿರುವಿನಲ್ಲಿ ಕೋಮಲ ಗಾಂಧಾರವಿರುವ ತೋಡಿ ರಾಗದ ಕಡೆಗೆ ಹಣಕಿ ನೋಡಿ ಮತ್ತೆ ತನ್ನ ಮನೆಗೇ ಬಂತು. ಅದು ಶಿವಮತ ಭೈರವ. ಜೈಪುರ-ಅತ್ರೌಲಿ ಘರಾಣೆಯವರು, ಅಂದರೆ ಮನ್ಸೂರರ ಗುರುಪರಂಪರೆಯವರು, ಪ್ರೀತಿಯಿಂದ ಕಾಪಾಡಿಕೊಂಡು ಬಂದ ಅಪರೂಪದ ರಾಗಗಳನ್ನು ಕೇಳುವುದಕ್ಕೆಂದೇ ಜನ ಮನ್ಸೂರರ ಬಳಿ ಹೋಗುತ್ತಿದ್ದರು. ಅಂಥವರ ಗಾಯನಕ್ಕೆ ಯಾರೋ ಅವಸರದಲ್ಲಿ ಅರ್ಧ ಹೆಸರು ಅಂಟಿಸಿ ಕೈ ತೊಳೆದುಕೊಂಡಿದ್ದಾರೆ. ಬ್ಯಾಂಕಿನವರು ಬೀರು ತಡಕಿ ಅದೇ ಗಾಯನದ ಹಳೆಯ ಕ್ಯಾಸೆಟ್ಟನ್ನು ಹೊರತೆಗೆದರು. ಒಳಗಿನ ಮಡಿಸಿದ ಕಾಗದದಲ್ಲಿ ಎಲ್ಲವೂ ಇತ್ತು: ರಾಗ, ತಾಳ, ಬಂದಿಶಿನ (ಹಾಡಿದ ರಚನೆಯ) ಮೊದಲ ಸಾಲು, ತಬಲಾ, ಹಾರ್ಮೋನಿಯಂ, ಸಹಗಾಯನ. ಆ್ಯಪಿನಲ್ಲಿ ಒಂದು ಹೆಸರು, ಒಂದು ತಪ್ಪು ರಾಗ, ಸೂರ್ಯೋದಯದ ಒಂದು ಚಿತ್ರ. ಯಾರ ಸಂಗೀತವಾದರೂ ಸೂರ್ಯೋದಯದ ಚಿತ್ರವನ್ನೇ ಏಕೆ ಹಾಕುತ್ತಾರೋ ನನಗೆ ಇಂದಿಗೂ ಬಗೆಹರಿದಿಲ್ಲ.

ಆ ಹುಡುಗಿಗೆ ವ್ಯವಧಾನವಿಲ್ಲ ಎಂದು ನಿಮ್ಮ ಓದುಗರು ಹೇಳಿಯಾರೇ?

ಇನ್ನು ತುಣುಕಿನ ಮಾತು. ನಮ್ಮ ಹಿರಿಯರು ಕೇಳಿದ್ದೂ ತುಣುಕನ್ನೇ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತು ಇಂಚಿನ ರೆಕಾರ್ಡಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ ಎಂಬ ಲಘು ಗೀತೆ ಅಂಥದೇ ಒಂದು ಬದಿ. ಅದನ್ನು ಕೇಳಿದ ಗದಗಿನ ಭೀಮಸೇನ ಜೋಶಿ ಎಂಬ ಹುಡುಗ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಸಮೀಪದ ಕುಂದಗೋಳದಲ್ಲಿ, ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ರೂಪದಲ್ಲಿ. ಯಾರು ಹಾಡಿದ್ದು ಎಂಬುದು ಹುಡುಗನಿಗೆ ಗೊತ್ತಿತ್ತು, ಹಾಗಾಗಿ ಆ ಪರಂಪರೆಯನ್ನು ಹುಡುಕುವುದು ಸಾಧ್ಯವಾಯಿತು. ‘ಅಜ್ಞಾತ ಕಲಾವಿದ, ಟ್ರ್ಯಾಕ್ 3’ ಎಂದಿದ್ದರೆ ಯಾವ ರೈಲು ಹತ್ತುತ್ತಿದ್ದನೋ!

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ರೆಕಾರ್ಡುಗಳ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಗಟ್ಟಿಯಾಗಿ ಕೂಗುತ್ತಾರೆ. ನಮ್ಮ ಮಕ್ಕಳು ಮೊದಲ ಸಲ ಕೇಳಿದಾಗ ನಕ್ಕರು. ಅದು ಜಂಬವಲ್ಲ. ಮುದ್ರಣ ನಡೆಯುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ರೆಕಾರ್ಡಿಗೆ ಯಾವ ಹೆಸರು ಅಂಟಿಸಬೇಕೆಂದು ತಿಳಿಯಲಿ ಎಂದು ಆ ಏರ್ಪಾಡು. ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಈ ಮಹಿಳೆಯ ದನಿ ಹೆಸರಿನ ಸಮೇತ ಉಳಿದಿದೆ. ಆಕೆಯ ಹಿಂದೆ ನುಡಿಸಿದವರಿಗೆ ಕೂಗಿ ಹೇಳುವ ಅವಕಾಶವಿರಲಿಲ್ಲ.

ಹೆಸರು ಅಂಟಿಸುವುದರಲ್ಲೂ ಶ್ರದ್ಧೆ ಬೇಕು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಕೆಲವು ರೆಕಾರ್ಡುಗಳು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಆಗಿನ ದನಿ ತೆಳು, ಎತ್ತರದ್ದು. ಗಂಟಲಿನ ಚಿಕಿತ್ಸೆಯ ನಂತರವೇ ನಾವೆಲ್ಲ ಬಲ್ಲ ಆ ಗಡುಸು ದನಿ ಬಂದದ್ದು. ಹಾಗಾಗಿ ಎಂಥ ರಸಿಕರಿಗೂ ಕಿವಿಯಿಂದ ಗುರುತು ಹಿಡಿಯುವುದು ಕಷ್ಟ. ನಮ್ಮ ಗ್ರಂಥಾಲಯದ ಮರದ ಡ್ರಾಯರುಗಳಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ಕಾರ್ಡು ಇಡುತ್ತಿದ್ದೆವು: ‘ಗಾಂಧಾರಿ, ಹುಬ್ಬಳ್ಳಿ: ಗಂಗೂಬಾಯಿ ಹಾನಗಲ್ ನೋಡಿ.’ ಒಂದು ಸಾಲಿನ ಕೆಲಸ. ಕೋಟಿಗಟ್ಟಲೆ ಹಾಡುಗಳನ್ನು ಕ್ಷಣದಲ್ಲಿ ಹುಡುಕಿಕೊಡುತ್ತೇವೆ ಎನ್ನುವವರಿಗೆ ಈ ಒಂದು ಸಾಲು ಭಾರವಾಗಿದೆ.

ಆಕಾಶವಾಣಿಯ ಧಾರವಾಡ ಕೇಂದ್ರ 1950ರಿಂದ ಇದೆ. ಗಾಯನ ಮುಗಿದ ಕೂಡಲೇ ಉದ್ಘೋಷಕರು ರಾಗದ ಹೆಸರು ಹೇಳಿ, ತಬಲಾ ಸಾಥ್ ಯಾರು, ಹಾರ್ಮೋನಿಯಂ ಯಾರು ಎಂದು ನಿಧಾನವಾಗಿ ತಿಳಿಸುವುದನ್ನು ಕೇಳುತ್ತ ಬೆಳೆದವರು ನಾವು. ಮನ್ಸೂರರ ಕಡೆಗಾಲದ ಎಷ್ಟೋ ಕಛೇರಿಗಳಲ್ಲಿ ಹಿಂದಿನಿಂದ ಕೇಳುವ ಇನ್ನೊಂದು ದನಿ ಅವರ ಮಗ ರಾಜಶೇಖರ ಮನ್ಸೂರರದು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಆ ಗಾಯಕರು 2022ರಲ್ಲಿ ತೀರಿಕೊಂಡರು ಎಂಬುದು ಈ ಊರಿನ ಹಳಬರಿಗೆ ಗೊತ್ತು. ಹೊರಗಿನವರಿಗೆ, ನಾಳೆಯ ಮಕ್ಕಳಿಗೆ ಯಾರು ಹೇಳಬೇಕು?

ಇಷ್ಟು ಹೇಳಿದ ಮೇಲೆ ನಿಮ್ಮನ್ನೂ ಬಿಡುವಂತಿಲ್ಲ. ನಿಮ್ಮ ಸಂಗೀತ ವರದಿಗಳಲ್ಲಿ ಉದ್ಘಾಟಿಸಿದವರು, ವೇದಿಕೆಯ ಮೇಲೆ ಕೂತವರು, ವಂದಿಸಿದವರು ಎಲ್ಲರ ಹೆಸರೂ ಇರುತ್ತದೆ. ಜಾಗ ಸಾಲದೆ ಹೋದಾಗ ಮೊದಲು ಕತ್ತರಿ ಬೀಳುವುದು ‘ತಬಲಾ ಸಾಥ್ ನೀಡಿದರು’ ಎಂಬ ಸಾಲಿಗೆ. ದಯವಿಟ್ಟು ಅದನ್ನು ವರದಿಯ ಮೊದಲ ಪ್ಯಾರಾಕ್ಕೆ ತನ್ನಿ. ಹಳೆಯ ರೆಕಾರ್ಡು, ಕ್ಯಾಸೆಟ್ಟುಗಳನ್ನು ಮೊಬೈಲಿಗೆ ಏರಿಸುವ ರಸಿಕರು ಹಾಡಿನ ಜೊತೆ ಕವರಿನ ಎರಡೂ ಬದಿಯ ಫೋಟೊ ಹಾಕಲಿ, ಸೂರ್ಯೋದಯ ಬೇಡ. ಮನೆ ಖಾಲಿ ಮಾಡುವವರು ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕುವುದೇ ಆದರೆ ಒಳಗಿನ ಕಾಗದವನ್ನಾದರೂ ತೆಗೆದಿಟ್ಟುಕೊಳ್ಳಲಿ. ಜಿಲ್ಲಾ ಕೇಂದ್ರ ಗ್ರಂಥಾಲಯದವರು ಇವುಗಳಿಗೆಂದು ಒಂದು ಕಪಾಟು ಕೊಟ್ಟರೆ, ವಿಂಗಡಿಸಿ ಕಾರ್ಡು ಬರೆದುಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ. ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಮ್ಮ ಹುಡುಗಿ ಆಗಲೇ ಒಪ್ಪಿಕೊಂಡಿದ್ದಾಳೆ. ಇಂಥ ಕಪಾಟನ್ನು ಕೇಳಲು ಯಾವ ಅಧಿಕಾರಿಗೆ ಅರ್ಜಿ ಬರೆಯಬೇಕು ಎಂಬುದನ್ನು ಬಲ್ಲವರು ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾದೀತು.

ಇತಿ,
ನಿವೃತ್ತ ಗ್ರಂಥಪಾಲಕಿ, ಮಾಳಮಡ್ಡಿ, ಧಾರವಾಡ