ಬೆಟ್ಟದ ಹಾದಿಗೆ ಬರುವ ಮೊದಲು: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಮೆರಿಕದ ಅಪಲಾಚಿಯನ್ ಹಾದಿಯಲ್ಲಿ ನಾನು ನೋಡಿಕೊಳ್ಳುತ್ತಿರುವ ತುಂಡಿನ ಕೆಲಸಕ್ಕೆ ಮುಂದಿನ ತಿಂಗಳಿನಿಂದ ನೀನೂ ಬರುವೆ ಎಂದಾಗ ಆದ ಸಂತೋಷವನ್ನು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅಲ್ಲಿ ನಿಜವಾಗಿ ಏನು ಕೆಲಸವಿರುತ್ತದೆ ಎಂಬ ನಿನ್ನ ಪ್ರಶ್ನೆಗೂ ಅರೆಬರೆ ಉತ್ತರ ಕೊಟ್ಟೆ.

ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿ.ಮೀ. ಉದ್ದದ ಈ ಕಾಲುದಾರಿಯ ಯೋಜನೆಯನ್ನು ಅರಣ್ಯತಜ್ಞ ಬೆಂಟನ್ ಮೆಕೈ 1921ರಲ್ಲಿ ಮುಂದಿಟ್ಟರು. 1937ರಲ್ಲಿ ಅದು ಪೂರ್ಣಗೊಂಡಿತು. ಇಂದಿಗೂ ಅದರ ದುರಸ್ತಿಯ ಬಹುಪಾಲನ್ನು ಮಾಡುವವರು ಆಯಾ ಪ್ರದೇಶದ ಚಾರಣ ಸಂಘಗಳ ಸ್ವಯಂಸೇವಕರು. ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದೊಳಗಿನ ಸುಮಾರು 160 ಕಿ.ಮೀ. ದಾರಿಯನ್ನು ಹೀಗೆ ಹಲವರು ಹಂಚಿಕೊಂಡಿದ್ದೇವೆ. ನನ್ನ ಪಾಲಿನದು ಎರಡು ಕಿ.ಮೀ.ಗೂ ಕಡಿಮೆ.

ಬೇಸಿಗೆಯಲ್ಲಿ ಪೊದೆ ಸವರಬೇಕು. ದಾರಿ ತೋರಿಸಲು ಮರಗಳ ಮೇಲೆ ಬಳಿದ ಬಿಳಿ ಪಟ್ಟಿ ಮಾಸಿದರೆ ಬಣ್ಣ ಬಳಿಯಬೇಕು. ಆದರೆ ದಾರಿಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ನೀರು. ಸಾವಿರಾರು ಕಾಲುಗಳು ತುಳಿದು ದಾರಿಯ ನಡುಭಾಗ ತಗ್ಗಾಗುತ್ತದೆ, ಕೆಳಬದಿಯ ಅಂಚಿನಲ್ಲಿ ಮಣ್ಣೂ ದರಕೂ ಸೇರಿ ಸಣ್ಣ ದಿಬ್ಬವಾಗುತ್ತದೆ, ಪಕ್ಕಕ್ಕೆ ಇಳಿದುಹೋಗಬೇಕಿದ್ದ ಮಳೆನೀರು ಹೊರಹೋಗಲು ದಾರಿ ಕಾಣದೆ ಆ ತಗ್ಗಿನಲ್ಲೇ ಹರಿದು, ಮಣ್ಣನ್ನೆಲ್ಲ ಒಯ್ದು, ಬೇರು ಕಲ್ಲುಗಳನ್ನಷ್ಟೇ ಉಳಿಸುತ್ತದೆ. ನಡೆಯುವವರು ಆ ಕೊರಕಲನ್ನು ತಪ್ಪಿಸಲು ಪಕ್ಕದ ಗಿಡಗಳನ್ನು ತುಳಿಯುತ್ತಾರೆ, ದಾರಿ ಅಗಲವಾಗುತ್ತದೆ, ಸವೆತವೂ ಹಿಗ್ಗುತ್ತದೆ.

ನೀರನ್ನು ಪಕ್ಕಕ್ಕೆ ತಿರುಗಿಸಲು ದಾರಿಗೆ ಓರೆಯಾಗಿ ಕಲ್ಲಿನ ಅಥವಾ ದಿಮ್ಮಿಯ ಒಡ್ಡು ಹೂಳುತ್ತೇವೆ. ಮೊದಲ ವರ್ಷ ನಾನೊಂದು ದಿಮ್ಮಿಯನ್ನು ದಾರಿಗೆ ನೇರ ಅಡ್ಡವಾಗಿ ಇಟ್ಟಿದ್ದೆ. ಒಂದೇ ಜೋರು ಮಳೆಗೆ ಅದರ ಹಿಂದೆ ಹೂಳು ತುಂಬಿ, ನೀರು ಅದನ್ನು ಹಾರಿ, ಕೆಳಗೆ ಮೊಣಕಾಲುದ್ದದ ಗುಂಡಿ ತೋಡಿತ್ತು. ಅದನ್ನು ನೋಡುತ್ತ ನಿಂತಾಗ ಶಿರಸಿಯ ನಮ್ಮ ಅಡಿಕೆ ತೋಟ ನೆನಪಾಯಿತು. ಮಳೆಗಾಲಕ್ಕೆ ಮುಂಚೆ ನಿನ್ನ ಅಜ್ಜ ಬಸಿಗಾಲುವೆಗಳ ಹೂಳೆತ್ತಿಸುವಾಗ, ನೀರು ಹೊರಬೀಳುವ ಬಾಯಿಯನ್ನು ಮಾತ್ರ ಆಳಿಗೆ ಬಿಡದೆ ತಾವೇ ಗುದ್ದಲಿ ಹಿಡಿದು ಬಿಡಿಸುತ್ತಿದ್ದರು. ಹುಡುಗನಾಗಿದ್ದ ನನಗೆ ಅದು ಹಟವೆಂದು ತೋರುತ್ತಿತ್ತು. ಈಗ ನಾನು ಪ್ರತಿ ವಸಂತದಲ್ಲೂ ಶರತ್ಕಾಲದಲ್ಲೂ ಮಾಡುವುದು ಅದನ್ನೇ: ಒಂದೊಂದು ಒಡ್ಡಿನ ಬಾಯನ್ನೂ ಬಿಡಿಸಿ, ಎತ್ತಿದ ಮಣ್ಣನ್ನು ಸವೆದ ದಾರಿಗೇ ಹಾಕಿ ತುಳಿಯುವುದು.

ಬಿದ್ದ ಮರಗಳೂ ಈಚೆಗೆ ಹೆಚ್ಚಾಗಿವೆ. ಏಷ್ಯಾದಿಂದ ಬಂದ ಹಸಿರು ಕೊರಕ ಹುಳು ಆ್ಯಶ್ ಮರಗಳನ್ನು ನಿಂತಲ್ಲೇ ಒಣಗಿಸಿಬಿಟ್ಟಿದೆ. ಕಾನೂನಿನ ಪ್ರಕಾರ ವನ್ಯವಲಯವಾಗಿರುವ ಕಡೆ ಯಂತ್ರದ ಗರಗಸ ತರುವಂತಿಲ್ಲ. ಇಬ್ಬರು ಎರಡು ಕಡೆ ಹಿಡಿದು ಎಳೆಯುವ ಉದ್ದ ಗರಗಸವೇ ಬೇಕು. ಅದನ್ನು ನಿನ್ನೊಡನೆ ಎಳೆಯಬೇಕೆಂಬ ಆಸೆ ನನಗೆ ಬಹುದಿನಗಳಿಂದ ಇದೆ, ಆದರೆ ಅದಕ್ಕೆ ನೀನು ಮೊದಲು ತರಬೇತಿ ಪಡೆಯಲೇಬೇಕು.

ಉದ್ದ ತೋಳಿನ ಅಂಗಿ ತೊಡು, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸು. ಮಂಗನ ಕಾಯಿಲೆಯ ಸೀಮೆಯಿಂದ ಬಂದ ನನಗೆ ಉಣುಗಿನ ಭಯ ಹುಟ್ಟಿನಿಂದಲೇ ಇದೆ. ಇಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ. ಮನೆಗೆ ಬಂದೊಡನೆ ಮೈಯೆಲ್ಲ ಹುಡುಕಿ ನೋಡಿಕೊಳ್ಳಬೇಕು.

ಮೊದಲ ದಿನ ಸಣ್ಣಗೆ ಮಳೆ ಬರುತ್ತಿದ್ದರೂ ಹೋಗೋಣ. ನೀರು ಎಲ್ಲಿ ದಾರಿಗೆ ಇಳಿಯುತ್ತದೆ, ಎಲ್ಲಿ ಹೊರಡಲಾರದೆ ನಿಲ್ಲುತ್ತದೆ ಎಂಬುದು ಮಳೆಯಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಮೇಲಿನಿಂದ ಮೂರನೆಯ ಒಡ್ಡಿನ ಬಾಯಿ ತುಂಬಿಹೋಗಿದೆ. ಅದನ್ನು ಬಿಡಿಸದೆ ನಿನಗೆಂದೇ ಇಟ್ಟಿದ್ದೇನೆ.

ಇಂತಿ,
ನಿನ್ನ ಅಪ್ಪ