ಪುಣೆಯ ಪುಟ್ಟಿಗೆ, ಹಾಡುಗಳ ಬಗ್ಗೆ

ಡೊಂಬಿವಲಿ ಪೂರ್ವ
ಗುರುವಾರ ರಾತ್ರಿ

ಚಿ. ಪುಟ್ಟಿಗೆ ಮೌಶಿಯ ಆಶೀರ್ವಾದಗಳು.

ನೀನು ಕಳಿಸಿದ ಹಾಡುಗಳ ಪಟ್ಟಿ ಬಂತು. ಕೆಳಗೆ ಒಂದೇ ಸಾಲು ಬರೆದಿದ್ದೀ: "ಮನಸ್ಸು ಸರಿಯಿಲ್ಲದಾಗ ಇವನ್ನೇ ಕೇಳ್ತೀನಿ, ನೀನೂ ಒಂದಿಷ್ಟು ಹೇಳು ಮೌಶಿ." ಇವತ್ತು ಮಧ್ಯಾಹ್ನ ಮೆಂತ್ಯ ಸೋಸುತ್ತ ಅಷ್ಟನ್ನೂ ಕೇಳಿದೆ. ನಡುವೆ ಗ್ಯಾಸಿನವನು ಬಂದು ಹೋದ. ಪಟ್ಟಿ ಮುಗಿಯುವ ಹೊತ್ತಿಗೆ ನನಗೂ ಯಾರೋ ಕೈಕೊಟ್ಟು ಹೋದಂತೆ ಅನಿಸತೊಡಗಿತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೇ ಹೀಗಾದರೆ ನಿನ್ನ ಗತಿ ಏನು!

ನಿನ್ನ ಮದುವೆ ಮಾತು ಮುರಿದದ್ದನ್ನು ಅಕ್ಕ, ಅಂದರೆ ನಿನ್ನ ಅಮ್ಮ, ಫೋನಿನಲ್ಲಿ ಹೇಳಿದಳು. ಅದರ ಬಗ್ಗೆ ನಾನು ಏನೂ ಕೇಳುವುದಿಲ್ಲ. ಹೇಳಬೇಕು ಅನಿಸಿದಾಗ ನೀನೇ ಹೇಳು. ನೀನು ಕೇಳಿದ್ದು ಹಾಡಿನ ವಿಷಯ, ಅದಕ್ಕಷ್ಟೇ ಉತ್ತರ ಬರೆಯುತ್ತೇನೆ. ವಾಟ್ಸಾಪ್‌ನಲ್ಲಿ ಇಷ್ಟೆಲ್ಲ ಟೈಪ್ ಮಾಡುವುದು ನನ್ನಿಂದಾಗದು. ಕಾಗದದ ಮೇಲೆ ಬರೆದು ಫೋಟೋ ಕಳಿಸುತ್ತೇನೆ, ದೊಡ್ಡದು ಮಾಡಿಕೊಂಡು ಓದು.

ದುಃಖದಲ್ಲಿದ್ದಾಗ ದುಃಖದ ಹಾಡು ಕೇಳಬಾರದು ಅನ್ನುವವರ ಮಾತನ್ನು ಮೊದಲು ಬಿಡು. ನಿನ್ನ ಅಪ್ಪಾಜಿ ಹಾಗೇ ಹೇಳಿರುತ್ತಾರೆ, ನನಗೆ ಗೊತ್ತು. "ಯಾವುದಾದರೂ ಕುಣಿಯೋ ಹಾಡು ಹಾಕು, ಎಲ್ಲ ಸರಿಯಾಗುತ್ತೆ" ಅಂತ. ಸರಿಯಾಗುವುದಿಲ್ಲ. ಮನಸ್ಸು ಕುಸಿದಾಗ ಕುಣಿತದ ಹಾಡು ಕೇಳಿದರೆ ಮೈ ಉರಿಯುತ್ತದೆ. 1940ರ ದಶಕದಲ್ಲಿ ಇರಾ ಆಲ್ಟ್‌ಶುಲರ್ ಅಂತ ಅಮೆರಿಕದ ಒಬ್ಬ ಮನೋವೈದ್ಯರು ರೋಗಿಗಳಿಗೆ ಸಂಗೀತ ಕೇಳಿಸುತ್ತಿದ್ದರು. ರೋಗಿಯ ಮನಸ್ಸು ಈಗ ಹೇಗಿದೆಯೋ ಅದಕ್ಕೆ ಹೊಂದುವ ಸಂಗೀತದಿಂದ ಶುರು ಮಾಡಬೇಕು, ಆಮೇಲೆ ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ಹೋಗಬೇಕು ಅನ್ನುವುದು ಅವರ ಪದ್ಧತಿ. ಸಂಗೀತ ಚಿಕಿತ್ಸೆ ಮಾಡುವವರು ಇವತ್ತಿಗೂ ಅದನ್ನು ಬಳಸುತ್ತಾರೆ.

ಇನ್ನೊಂದು ಓದಿದ್ದು ನೆನಪಿದೆ. 2014ರಲ್ಲಿ ಬರ್ಲಿನ್‌ನ ಇಬ್ಬರು ಸಂಶೋಧಕರು 772 ಜನರನ್ನು, ದುಃಖದ ಸಂಗೀತ ಕೇಳಿದಾಗ ನಿಮಗೆ ಏನನಿಸುತ್ತದೆ ಅಂತ ಕೇಳಿದರು. ಎಲ್ಲಕ್ಕಿಂತ ಜಾಸ್ತಿ ಜನ ಹೇಳಿದ್ದು ಹಳೆಯ ದಿನಗಳ ಹಂಬಲ. ದುಃಖ ಅಂದವರು ಅದಕ್ಕಿಂತ ಕಡಿಮೆ. ಅಂದಮೇಲೆ ನೀನು ಅಳುವ ಹಾಡು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಡೆದುಹೋದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವ ಇದ್ದವರಿಗೆ ಅದೇ ಹಾಡು ಇನ್ನಷ್ಟು ಕೆಳಗೆ ಎಳೆಯುತ್ತದೆ ಅಂತಲೂ ಸಂಶೋಧನೆಗಳು ಹೇಳುತ್ತವೆ. ಈ ಮೆಲುಕು ಹಾಕುವ ಚಟ ನಮ್ಮ ಮನೆತನದಲ್ಲೇ ಇದೆ ಪುಟ್ಟಿ. ನಿನ್ನ ಅಜ್ಜಿ ಯಾವುದೋ ಕಾಲದ ಮುಂಜಿವೆಯಲ್ಲಿ ಯಾರೋ ಅಂದ ಮಾತನ್ನು ಕೊನೆತನಕ ಮರೆಯಲಿಲ್ಲ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಹಾಡುಗಳು ಕೆಟ್ಟವಲ್ಲ, ಕೆಲವನ್ನು ನಾನೂ ಗುನುಗಿದೆ. ಆದರೆ ಅಷ್ಟೂ ಮಾತಿನ ಹಾಡುಗಳು. ಅಷ್ಟೂ ಬಿಟ್ಟುಹೋದವರ ಮೇಲಿನ ದೂರು. ಎಲ್ಲದರ ನಡೆಯೂ ಒಂದೇ. ಒಂದು ಮುಗಿದರೆ ಇನ್ನೊಂದು ಅಲ್ಲಿಂದಲೇ ಶುರುವಾಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಇದರಲ್ಲಿ ಅರ್ಧ ನೀನು ಆರಿಸಿದ್ದೂ ಅಲ್ಲ, ಅಲ್ವಾ? ಒಂದು ಹಾಡು ಕೇಳಿದೆ, ಅದರ ಜೊತೆಗೆ ಅಂಥವೇ ಹತ್ತನ್ನು ಫೋನೇ ತಂದು ಸುರಿಯಿತು. ಫೋನಿಗೆ ನೀನು ಇನ್ನೂ ಕೇಳುತ್ತಿರಬೇಕು, ಅಷ್ಟೇ ಬೇಕಾದದ್ದು. ನೀನು ಅತ್ತು ಮುಗಿಸಿ ಊಟಕ್ಕೆ ಏಳಬೇಕು ಅಂತ ಅದಕ್ಕೇನೂ ಇಲ್ಲ. ಮೊದಲು ಆ ಆಟೋಪ್ಲೇ ಆಫ್ ಮಾಡು.

ಆಮೇಲೆ ಹೀಗೆ ಮಾಡಿ ನೋಡು. ಅಳು ಬಂದ ದಿನ ನಿನಗೆ ಬೇಕಾದ ಒಂದು ದುಃಖದ ಹಾಡನ್ನು ಪೂರ್ತಿ ಕೇಳು. ಒಂದೇ ಸಲ. ಬೇರೆ ಕೆಲಸ ಮಾಡುತ್ತ ಬೇಡ, ಸುಮ್ನೆ ಕೂತು ಕೇಳು. ಅಳು ಬಂದರೆ ಬರಲಿ. ಅದಾದ ಮೇಲೆ ಮಾತಿನ ಹಾಡು ನಿಲ್ಲಿಸಿ ಮಾತಿಲ್ಲದ ಸಂಗೀತಕ್ಕೆ ಹೋಗು. ಮಾತಿನ ಹಾಡಿನಲ್ಲಿ ಪ್ರತಿ ಸಾಲಿಗೂ ನೀನು ನಿನ್ನ ಕಥೆ ಹೊಂದಿಸಿಕೊಳ್ಳುತ್ತೀ. "ಹೌದು, ಅವನೂ ಹೀಗೇ ಮಾಡಿದ" ಅಂತ. ಬಾನ್ಸುರಿ, ಸರೋದ್ ಕೇಳುವಾಗ ಹಾಗೆ ಹೊಂದಿಸಿಕೊಳ್ಳಲು ಏನೂ ಸಿಗುವುದಿಲ್ಲ. ಪನ್ನಾಲಾಲ್ ಘೋಷ್ ಅವರ ಬಾನ್ಸುರಿ ಹಾಕಿಕೋ. ಮುಂಬೈಯ ಸಿನಿಮಾಗಳಿಗೂ ಕೆಲಸ ಮಾಡಿದವರು. ಉದ್ದನೆಯ, ತಗ್ಗಿದ ಸ್ವರದ ಕೊಳಲನ್ನು ಕಛೇರಿಗೆ ತಂದವರು ಅವರೇ. ಹಳೆಯ ಧ್ವನಿಮುದ್ರಣ, ಸರಬರ ಸದ್ದು ಬರುತ್ತದೆ. ಬರಲಿ ಬಿಡು.

ರಾಗ ಯಾವುದು ಅಂತ ಮುಂದೆ ಕೇಳುತ್ತೀ. ಎಂಟನೆಯ ಕ್ಲಾಸಿನವರೆಗೆ ಕಲಿತು ಬಿಟ್ಟವಳು ನೀನು, ಸ್ವರ ಗೊತ್ತು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಸ್ಸಂಜೆ ಹೊತ್ತಿಗೆ ಎದೆ ಭಾರವಾಗುತ್ತದೆ ಅಂತ ನೀನು ಅಂದಿದ್ದೆ, ಅಲ್ವಾ? ಆ ಹೊತ್ತಿನ ರಾಗ ಮಾರವಾ. ಅದರಲ್ಲಿ ಪಂಚಮವೇ, ಅಂದರೆ ‘ಪ’ ಸ್ವರವೇ ಇಲ್ಲ, ಅದಕ್ಕೇ ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ನಿಷಾದಕ್ಕೆ ಸೇರಿಸುತ್ತಾರೆ. ಹಾಡುವವರು ಕೋಮಲ ರಿಷಭದ ಮೇಲೆ ನಿಲ್ಲುತ್ತಾರೆ, ಧೈವತದ ಮೇಲೆ ನಿಲ್ಲುತ್ತಾರೆ, ಆಧಾರ ಸ್ವರವಾದ ಷಡ್ಜದ ಹತ್ತಿರ ಬಂದು ಪಕ್ಕಕ್ಕೆ ಸರಿದು ಹೋಗುತ್ತಾರೆ. ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಿವಿ ಕಾಯುತ್ತದೆ. ಬಹಳ ಹೊತ್ತಿನ ಮೇಲೆ ಒಮ್ಮೆ ಷಡ್ಜಕ್ಕೆ ಬಂದು ನಿಂತಾಗ, ಕೇಳುವವರಿಗೇ ಉಸಿರು ಬಿಟ್ಟಂತಾಗುತ್ತದೆ. ನಿನ್ನ ಈಗಿನ ತಳಮಳಕ್ಕೆ ಇದಕ್ಕಿಂತ ಹೊಂದುವ ರಾಗ ನನಗೆ ಗೊತ್ತಿಲ್ಲ. ಮೊದಲ ಮೆಟ್ಟಿಲಿಗೆ ಇದು ಸರಿ. ಆದರೆ ಮಾರವಾದಲ್ಲೇ ಸಂಜೆಯೆಲ್ಲ ಕೂರಬೇಡ. ಹದಿನೈದು ಇಪ್ಪತ್ತು ನಿಮಿಷ ಕೇಳಿ ಯಮನ್‌ಗೆ ಬಾ. ಅದೂ ಸಂಜೆಯದೇ, ಅಲ್ಲೂ ತೀವ್ರ ಮಧ್ಯಮವೇ. ಆದರೆ ರಿಷಭ ಶುದ್ಧವಾಗಿ ನಿಂತಿರುತ್ತದೆ, ಪಂಚಮ ಮನೆಗೆ ವಾಪಸ್ ಬಂದಿರುತ್ತದೆ. ಒಂದು ಸ್ವರ ಬದಲಾದರೆ, ಒಂದು ಸೇರಿದರೆ ಕೋಣೆಯ ಗಾಳಿ ಎಷ್ಟು ಬೇರೆಯಾಗುತ್ತದೆ ಅಂತ ನೀನೇ ಕೇಳು. ಕೇಳಿಕೇಳಿ ಕಿವಿಗೆ ಕೆಲಸ ಸಿಕ್ಕರೆ ತಲೆಗೆ ಮೆಲುಕು ಹಾಕಲು ಪುರುಸೊತ್ತು ಕಡಿಮೆ.

ರಾತ್ರಿ ನಿದ್ದೆ ಬಾರದಾಗ ಕುಮಾರ ಗಂಧರ್ವರನ್ನು ಕೇಳು. ನಮ್ಮ ಕಡೆಯವರು, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ. ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ದೇವಧರ ಮಾಸ್ತರರ ಕ್ಲಾಸಿನಲ್ಲಿ ಕಲಿತರು. ಸಣ್ಣ ವಯಸ್ಸಿಗೇ ದೊಡ್ಡ ಹೆಸರು. ಅಷ್ಟರಲ್ಲಿ ಕ್ಷಯ ಹಿಡಿಯಿತು. 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ಹಾಸಿಗೆ ಹಿಡಿದರು. ಹಾಡಲೇಬಾರದು ಅಂದರು ಡಾಕ್ಟರು. ವರ್ಷಗಟ್ಟಲೆ ಹಾಡಲಿಲ್ಲ. ಮಲಗಿದ್ದಲ್ಲೇ ಓಣಿಯ ಹೆಣ್ಣುಮಕ್ಕಳ ಮಾಳವಾ ಜಾನಪದ ಹಾಡು ಕೇಳುತ್ತಿದ್ದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. 1950ರ ದಶಕದಲ್ಲಿ ಮತ್ತೆ ಹಾಡತೊಡಗಿದಾಗ ಹಾಡುವ ರೀತಿಯೇ ಬೇರೆ ಆಗಿತ್ತು. ಉದ್ದುದ್ದ ತಾನಿನ, ಅಂದರೆ ವೇಗವಾಗಿ ಹರಿಯುವ ಸ್ವರಗಳ ಸಾಲಿನ ಬದಲು ತುಂಡು ತುಂಡು ಮಾತು, ನಡುವೆ ಥಟ್ಟನೆ ಮೌನ, ಮತ್ತೆ ಎತ್ತರದಲ್ಲಿ ಒಂದು ಸ್ವರ. ಅವರು ಹಾಡಿದ ಕಬೀರರ ನಿರ್ಗುಣ ಭಜನೆಗಳಲ್ಲಿ ಮಾತಿದೆ, ಆದರೆ ಅದು ಯಾರ ಮೇಲೂ ದೂರಲ್ಲ. ಅದಕ್ಕೇ ಮಾತಿನ ಹಾಡು ಬೇಡ ಅಂದ ನಾನೇ ಇವನ್ನು ಕೇಳು ಅನ್ನುತ್ತಿದ್ದೇನೆ. ಮೊದಲ ಸಲ ಒಣ ಅನಿಸಬಹುದು. ನಿನ್ನ ಕಾಕಾಗೆ ಇವತ್ತಿಗೂ ಹಾಗೇ ಅನಿಸುತ್ತದೆ, ಅವರಿಗೆ ಭೀಮಸೇನರೇ ಬೇಕು. ಈ ಮನೆಯಲ್ಲಿ ಆ ಜಗಳ ಮುಗಿಯುವಂಥದ್ದಲ್ಲ.

ಭೀಮಸೇನ ಜೋಶಿ ಬೇಕಾದರೆ ಬೆಳಿಗ್ಗೆ ಕೇಳು. ಗದಗಿನ ಹುಡುಗ, ಪುಣೆಯಲ್ಲೇ ನೆಲೆನಿಂತವರು. ಅವರ ಕಂಠದಲ್ಲಿ ದಾಸರ ಪದವೂ ಇದೆ, ಮರಾಠಿ ಅಭಂಗವೂ ಇದೆ. ಡಬ್ಬಿ ಕಟ್ಟಿಕೊಳ್ಳುವಾಗ ಅಡುಗೆಮನೆಯಲ್ಲಿ ಒಂದು ಹಚ್ಚು, ಆಫೀಸಿಗೆ ಹೊರಡಲು ಕಾಲು ಬರುತ್ತದೆ. ಡಿಸೆಂಬರ್‌ನಲ್ಲಿ ಪುಣೆಯ ಸವಾಯಿ ಸಂಗೀತ ಉತ್ಸವಕ್ಕೆ ಹೋಗು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶಿಷ್ಯ ಭೀಮಸೇನರು 1953ರಲ್ಲಿ ಶುರು ಮಾಡಿದ್ದು. ಅದಕ್ಕೂ ಮೊದಲು ಈಗಲೇ, ಜ್ಯೇಷ್ಠ ಮುಗಿಯುವಷ್ಟರಲ್ಲಿ ಆಳಂದಿಯಿಂದ ಜ್ಞಾನೇಶ್ವರರ, ದೇಹೂದಿಂದ ತುಕಾರಾಮರ ಪಾಲಖಿ, ಅಂದರೆ ಪಂಢರಪುರಕ್ಕೆ ಹೊರಟ ಪಲ್ಲಕ್ಕಿ ಮೆರವಣಿಗೆಗಳು, ಪುಣೆಗೆ ಬರುತ್ತವೆ. ಭವಾನಿ ಪೇಠೆ, ನಾನಾ ಪೇಠೆಯಲ್ಲಿ ಅವುಗಳ ಮುಕ್ಕಾಮು. ಹೆಡ್‌ಫೋನ್ ಮನೆಯಲ್ಲಿಟ್ಟು ರಸ್ತೆ ಬದಿಗೆ ಹೋಗಿ ನಿಂತುಕೋ. ತಾಳ, ಪಖವಾಜು, ಮಳೆಯಲ್ಲಿ ತೊಯ್ದ ಸೀರೆಯ ಹೆಂಗಸರು ತಲೆಯ ಮೇಲೆ ತುಳಸಿ ಹೊತ್ತು ಹಾಡುತ್ತ ಹೋಗುವುದು. ಆ ಲಯಕ್ಕೆ ಕಾಲು ತಾನೇ ಮಿಸುಕುತ್ತದೆ.

ಒಂದು ಎಚ್ಚರಿಕೆ. ನಿನಗೆ ತೀರ ಪ್ರೀತಿಯ ಹಾಡು ಒಂದೆರಡು ಇರುತ್ತವಲ್ಲ, ಅವನ್ನು ಈ ದಿನಗಳಲ್ಲಿ ಹಚ್ಚಬೇಡ. ಹಾಡಿಗೆ ಅಂಟುವ ಗುಣ ಇದೆ. ನಿನ್ನ ಅಜ್ಜ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚದವರ ಟ್ರಾನ್ಸಿಸ್ಟರ್‌ನಲ್ಲಿ ಒಂದು ಭಾವಗೀತೆ ಬರುತ್ತಿತ್ತು. ಹಾಡು ಚೆನ್ನಾಗಿಯೇ ಇದೆ, ಜನ ಮೆಚ್ಚಿ ಕೇಳುತ್ತಾರೆ. ಇವತ್ತಿಗೂ ಅದು ಎಲ್ಲಾದರೂ ಕೇಳಿದರೆ ನನ್ನ ಮೂಗಿಗೆ ಡೆಟಾಲ್ ವಾಸನೆ ಬರುತ್ತದೆ, ಎದ್ದು ಹೋಗುತ್ತೇನೆ. ನಿನ್ನ ಒಳ್ಳೆಯ ಹಾಡುಗಳನ್ನು ಆ ಹುಡುಗನ ಲೆಕ್ಕಕ್ಕೆ ಬರೆದು ಕೊಡಬೇಡ. ಇಬ್ಬರೂ ಸೇರಿ ಕೇಳುತ್ತಿದ್ದ ಹಾಡುಗಳನ್ನಂತೂ ಸದ್ಯಕ್ಕೆ ಮುಟ್ಟಲೇಬೇಡ. ರಾತ್ರಿ ಹನ್ನೊಂದು ಗಂಟೆಯ ಮೇಲೆ ಮಾತಿನ ಸಿನಿಮಾ ಹಾಡು ಯಾವುದೂ ಬೇಡ.

ಕೇಳುವುದಕ್ಕಿಂತ ಹಾಡುವುದು ಇನ್ನೂ ಒಳ್ಳೆಯದು. ನಾನು ದಾದರಿಗೆ ನೌಕರಿಗೆ ಹೋಗುತ್ತಿದ್ದಾಗ ಸಂಜೆಯ ಲೋಕಲ್‌ನಲ್ಲಿ ಪಕ್ಕದ ಡಬ್ಬಿಯಲ್ಲಿ ಭಜನಿ ಮಂಡಳಿ ಇರುತ್ತಿತ್ತು. ದಿನವಿಡೀ ಬೈಸಿಕೊಂಡು ಬಂದ ಗುಮಾಸ್ತರು, ನಿಂತಲ್ಲೇ ಒತ್ತಿಕೊಂಡು, ತಾಳ ಬಾರಿಸುತ್ತ ಗಂಟಲು ಬಿಚ್ಚಿ ಹಾಡುವರು. ಶ್ರುತಿ ಅಷ್ಟಕ್ಕಷ್ಟೇ. ಆದರೆ ಠಾಣೆ ದಾಟುವ ಹೊತ್ತಿಗೆ ಅವರ ಮುಖ ನೋಡಬೇಕಿತ್ತು! ನಿನಗೆ ಮಂಡಳಿ ಬೇಡ. ತಂಬೂರಿಯ ಆ್ಯಪ್ ಫೋನಿನಲ್ಲೇ ಇದೆ. ನಿನ್ನ ಶ್ರುತಿಗೆ ಇಟ್ಟುಕೊಂಡು ಬರೀ ಷಡ್ಜ ಹಿಡಿ, ಉಸಿರು ಮುಗಿಯುವ ತನಕ. ಬಾಯಿ ಮುಚ್ಚಿ ಗುನುಗಿದರೂ ಆಯಿತು. ಉಸಿರು ಬಿಡುವ ಹೊತ್ತು ಉದ್ದವಾದಂತೆ ಎದೆಬಡಿತ ತುಸು ನಿಧಾನವಾಗುತ್ತದೆ, ಇದು ಡಾಕ್ಟರರೂ ಒಪ್ಪುವ ಮಾತು. ಫ್ಲಾಟಿನಲ್ಲಿ ಜೊತೆಗಿರುವ ಹುಡುಗಿಯರು ನಕ್ಕರೆ ನಗಲಿ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಹಾಡು, ನೀರು ಮಾತ್ರ ಬಕೀಟಿಗೆ ಬೀಳಲಿ.

ಇಷ್ಟೆಲ್ಲ ಹೇಳಿದೆ, ಆದರೆ ಹಾಡಿಗೆ ಅದರದೇ ಮಿತಿ ಇದೆ. ಎರಡು ವಾರ ಕಳೆದರೂ ಊಟ ಸೇರದೆ, ನಿದ್ದೆ ಬಾರದೆ, ಇಷ್ಟದ ಹಾಡೂ ಬರೀ ಸದ್ದು ಅನಿಸತೊಡಗಿದರೆ ಅದನ್ನು ರಾಗ ಬದಲಿಸಿ ಸರಿ ಮಾಡಲು ಹೋಗಬೇಡ. ಡಾಕ್ಟರ ಹತ್ತಿರ ಹೋಗು. ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡಿಕೋ. ಅದಕ್ಕೂ ಮೊದಲು ನನಗೆ ಮಾಡು. ಎಷ್ಟು ಹೊತ್ತಾದರೂ ಸರಿ, ನಾನು ಎತ್ತುತ್ತೇನೆ. ಅಕ್ಕನಿಗೆ ಹೇಳುವುದಿಲ್ಲ.

ಪಟ್ಟಿಯನ್ನು ಹೊಸದಾಗಿ ಮಾಡಿ ಕಳಿಸು. ಐದೇ ಸಾಕು, ನೀನೇ ಆರಿಸಿದವು. ಮನಸ್ಸು ಚೆನ್ನಾಗಿರುವ ಹೊತ್ತಿನಲ್ಲಿ ಕೂತು ಆರಿಸು, ಅಳುವಾಗ ಆರಿಸಿದರೆ ಮತ್ತೆ ಅವೇ ಬರುತ್ತವೆ. ರಜೆ ಸಿಕ್ಕರೆ ಮುಂದಿನ ಶನಿವಾರ ಬೆಳಿಗ್ಗೆ ಸಿಂಹಗಡ ಎಕ್ಸ್‌ಪ್ರೆಸ್ ಹಿಡಿದು ಬಾ. ಕಲ್ಯಾಣದಲ್ಲಿ ಇಳಿದು ಸ್ಲೋ ಲೋಕಲ್ ಹತ್ತು, ಠಾಕುರ್ಲಿ ಆದ ಮೇಲೆ ನಮ್ಮದೇ ಸ್ಟೇಷನ್. ಕಾಕಾ ಬಂದು ನಿಂತಿರುತ್ತಾರೆ. ಮಿರಜದಿಂದ ತಂದ ನನ್ನ ತಂಬೂರಿಯ ಜೋಡು ತಂತಿಯಲ್ಲಿ ಒಂದು ತುಂಡಾಗಿ ಕೂತಿದೆ. ಪುಣೆಯ ಪೇಠೆಯಲ್ಲಿ ವಾದ್ಯದ ಅಂಗಡಿ ಕಂಡರೆ ಹೆಣ್ಣು ದನಿಯ ತಂಬೂರಿಗೆ ಅಂತ ಹೇಳಿ ಒಂದು ಸೆಟ್ ತಂತಿ ತೆಗೆದುಕೊಂಡು ಬಾ, ದುಡ್ಡು ಇಲ್ಲಿ ಕೊಡುತ್ತೇನೆ.

ನಿನ್ನ ಪ್ರೀತಿಯ
ಮೌಶಿ