ಶಿಫ್ಟ್ ಬದಲಾಗುವ ಹದಿನೈದು ನಿಮಿಷ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಶಿಫ್ಟ್ ಇನ್‌ಚಾರ್ಜ್ ಆದ ಸುದ್ದಿ ತಿಳಿದು ತುಂಬಾ ಖುಷಿಯಾಯಿತು. "ಇಪ್ಪತ್ತು ಜನರನ್ನು ಹೇಗೆ ನಿಭಾಯಿಸಲಿ, ಎಲ್ಲಿಂದ ಶುರು ಮಾಡಲಿ" ಎಂದು ಕೇಳಿದ್ದೀಯ. ಶಿಫ್ಟ್ ಬದಲಾಗುವ ಹೊತ್ತಿನಿಂದ ಶುರು ಮಾಡು. ಎಂಟು ಗಂಟೆ ನೀವೆಲ್ಲ ಎಷ್ಟು ಚೆನ್ನಾಗಿ ದುಡಿದರೂ, ಹೋಗುವಾಗ ಹೇಳಬೇಕಾದ ಒಂದು ಮಾತು ಬಿಟ್ಟುಹೋದರೆ ಅದರ ಪೆಟ್ಟು ಮುಂದಿನ ಶಿಫ್ಟಿನವರಿಗೆ ಬೀಳುತ್ತದೆ.

ಸೇಫ್ಟಿ ತರಬೇತಿಯಲ್ಲಿ ಪೈಪರ್ ಆಲ್ಫಾ ಹೆಸರು ಕೇಳಿರಬೇಕು. ಸ್ಕಾಟ್ಲೆಂಡಿನ ಆಚೆ ಉತ್ತರ ಸಮುದ್ರದಲ್ಲಿದ್ದ ತೈಲ ವೇದಿಕೆ ಅದು. 1988ರ ಜುಲೈ 6ರ ರಾತ್ರಿಯ ದುರಂತದಲ್ಲಿ 167 ಜನ ಸತ್ತರು. ಗ್ಯಾಸಿನಿಂದ ಬೇರ್ಪಟ್ಟ ದ್ರವವನ್ನು ತಳ್ಳಲು ಅಲ್ಲಿ 'ಎ', 'ಬಿ' ಎಂಬ ಎರಡು ಪಂಪುಗಳಿದ್ದವು. ಅವತ್ತು ಹಗಲು 'ಎ' ಪಂಪಿನ ಸೇಫ್ಟಿ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿದ್ದರು. ಸಂಜೆಯೊಳಗೆ ಕೆಲಸ ಮುಗಿಯದೆ ಆ ಜಾಗಕ್ಕೆ ಬ್ಲೈಂಡ್ ಫ್ಲಾಂಜ್, ಅಂದರೆ ಪೈಪಿನ ಬಾಯಿ ಮುಚ್ಚುವ ಲೋಹದ ತಟ್ಟೆ, ಕೂರಿಸಿ ಹೋದರು. ಅದು ಗ್ಯಾಸ್ ತಡೆಯುವಷ್ಟು ಬಿಗಿಯಾಗಿರಲಿಲ್ಲ. ರಾತ್ರಿ 9.45ರ ಸುಮಾರಿಗೆ 'ಬಿ' ಪಂಪ್ ಟ್ರಿಪ್ ಆಗಿ ನಿಂತಿತು, ಮತ್ತೆ ಹತ್ತಲಿಲ್ಲ. ಬೇಗ ಯಾವುದಾದರೂ ಒಂದು ಪಂಪ್ ಓಡದಿದ್ದರೆ ಇಡೀ ವೇದಿಕೆಯ ಕರೆಂಟೇ ಹೋಗಬಹುದೆಂಬ ಆತಂಕ. ಎ ಪಂಪಿನ ಮೇಂಟೆನೆನ್ಸ್ ಪರ್ಮಿಟ್ (ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ರಾತ್ರಿ ಶಿಫ್ಟಿನವರಿಗೆ ಗೊತ್ತಿತ್ತು. ಆ ಕೆಲಸ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಪಂಪ್ ಓಡಿಸಬಹುದು ಎಂದುಕೊಂಡರು. ವಾಲ್ವ್ ಬಿಚ್ಚಿದ್ದಕ್ಕೆ ಬೇರೆಯದೇ ಪರ್ಮಿಟ್ ಇತ್ತು. ಅದರ ವಿಷಯ ಅವರ ಕಿವಿಗೆ ಬಿದ್ದಿರಲಿಲ್ಲ. ವಾಲ್ವ್ ಇದ್ದದ್ದು ಪಂಪಿಗಿಂತ ಎಷ್ಟೋ ಮೇಲೆ, ಪಂಪಿನ ಬಳಿ ನಿಂತವನ ಕಣ್ಣಿಗೆ ಕಾಣುವ ಜಾಗದಲ್ಲಲ್ಲ. ಎ ಪಂಪ್ ಓಡಿಸಲು ಹೋದಾಗ ಆ ಫ್ಲಾಂಜಿನಿಂದ ಗ್ಯಾಸ್ ಸೋರಿತು. ಹತ್ತು ಗಂಟೆಗೆ ಮೊದಲ ಸ್ಫೋಟ.

ಇಲ್ಲಿ ಕಾಗದ ಇರಲಿಲ್ಲವೆಂದಲ್ಲ, ಇತ್ತು. ಬಿಚ್ಚಿದವನು ಓಡಿಸುವವನ ಮುಖ ನೋಡಿ ಒಂದು ಮಾತು ಹೇಳಲಿಲ್ಲ, ಅಷ್ಟೇ. ನಿನ್ನ ಮಷಿನ್ ಶಾಪಿನಲ್ಲಿ ಗ್ಯಾಸ್ ಇಲ್ಲದಿರಬಹುದು. ಆದರೆ ಬೆಳಿಗ್ಗೆ ಡೋರ್ ಸ್ವಿಚ್ ಕೆಟ್ಟಿತೆಂದು ಎಲೆಕ್ಟ್ರೀಷಿಯನ್ ಜಂಪರ್ (ಸ್ವಿಚ್ ಇಲ್ಲದೆಯೂ ಮಷಿನ್ ಓಡುವಂತೆ ಮಾಡುವ ತಂತಿ) ಹಾಕಿ ಹೋದದ್ದು ಸೆಕೆಂಡ್ ಶಿಫ್ಟಿನ ಹುಡುಗನಿಗೆ ಗೊತ್ತಿಲ್ಲದಿದ್ದರೆ, ಬಾಗಿಲು ತೆಗೆದರೆ ಸ್ಪಿಂಡಲ್ ನಿಲ್ಲುತ್ತದೆಂದು ನಂಬಿ ಅವನು ಕೈ ಹಾಕುತ್ತಾನೆ.

ಹಾಗಾಗಿ ಹ್ಯಾಂಡೋವರ್, ಅಂದರೆ ಮುಂದಿನ ಶಿಫ್ಟಿನವರಿಗೆ ಕೆಲಸ ಒಪ್ಪಿಸುವುದು, ಆಫೀಸಿನಲ್ಲಿ ಬೇಡ, ಗೇಟಿನ ಬಳಿ ಅಂತೂ ಬೇಡವೇ ಬೇಡ. ಮಷಿನ್ ಮುಂದೆಯೇ ಆಗಲಿ. ಲಾಗ್ ಬುಕ್ಕಿನಲ್ಲಿ "ಎಲ್ಲಾ ಓಕೆ" ಎಂದು ಬರೆಯುವುದನ್ನು ಮೊದಲ ದಿನವೇ ನಿಲ್ಲಿಸು. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಒಂದು ಸಾಲು ಹೇಗಿರಬೇಕೆಂದರೆ: "4ನೇ ಮಷಿನ್, ಹೊರ ವ್ಯಾಸ ಮೇಲಿನ ಮಿತಿಯತ್ತ ಹೋಗುತ್ತಿತ್ತು, 12.40ಕ್ಕೆ ಆಫ್‌ಸೆಟ್ 0.02 ಮಿಮೀ ಕಡಿಮೆ ಮಾಡಿದೆ, ಇನ್ಸರ್ಟ್ ಬದಲಾಯಿಸಿಲ್ಲ, ಹತ್ತು ಪೀಸಿಗೊಮ್ಮೆ ಗೇಜ್ ಹಾಕಿ ನೋಡು." ಏನಾಯಿತು, ಏನು ಮಾಡಿದೆ, ಏನು ಬಾಕಿ, ಮುಂದಿನವನು ಏನು ನೋಡಬೇಕು, ನಾಲ್ಕೂ ಬಂತು. ಆಫ್‌ಸೆಟ್ (ಮಷಿನಿಗೆ ಕೊಡುವ ಅಳತೆಯ ತಿದ್ದುಪಡಿ) ಬದಲಾಯಿಸಿದ್ದನ್ನು ಬರೆಯದೆ ಹೋದರೆ ಏನಾಗುತ್ತದೆಂದು ನಿನಗೇ ಗೊತ್ತು: ಬಂದವನು ಹೊಸ ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಾಯಿಸುವ ತುದಿ) ಹಾಕುತ್ತಾನೆ, ಹಳೆಯ ಸವೆತಕ್ಕೆ ಕೊಟ್ಟ ಆಫ್‌ಸೆಟ್ ಹಾಗೇ ಉಳಿದಿರುತ್ತದೆ, ಕ್ವಾಲಿಟಿಯವರು ಹಿಡಿಯುವಷ್ಟರಲ್ಲಿ ಒಂದು ಟ್ರೇ ರಿಜೆಕ್ಷನ್.

ಬಂದವನು ಕೇಳಿಸಿಕೊಂಡು ತಲೆಯಾಡಿಸಿದರೆ ಸಾಲದು. ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಮೊದಮೊದಲು ಹುಡುಗರಿಗೆ ಮುಜುಗರ, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಅನ್ನಿಸುತ್ತದೆ. ನೀನೇ ಮೊದಲು ಹಾಗೆ ಮಾಡಿ ತೋರಿಸು. ಹಿಂದಿನ ಇನ್‌ಚಾರ್ಜ್ ಹೇಳಿದ್ದನ್ನು ಎಲ್ಲರೆದುರು ತಿರುಗಿ ಹೇಳು. ಶಿಫ್ಟಿನ ಮೊದಲ ಪೀಸ್ ಅಳೆದು, ಸಹಿ ಬಿದ್ದ ಮೇಲೇ ಲೈನ್ ಓಡಲಿ.

ಅರ್ಧಕ್ಕೆ ನಿಂತ ರಿಪೇರಿಗೆ ಬೀಗ ಮತ್ತು ಟ್ಯಾಗ್ ಕಡ್ಡಾಯ. ಯಾರೂ ಮಷಿನ್ ಚಾಲೂ ಮಾಡದಂತೆ, ಆಫ್ ಮಾಡಿದ ಮೇನ್ ಸ್ವಿಚ್ಚಿಗೆ ರಿಪೇರಿ ಮಾಡುವ ಪ್ರತಿಯೊಬ್ಬನದೂ ಒಂದೊಂದು ಬೀಗ, ಕೀಲಿ ಅವನ ಜೇಬಿನಲ್ಲೇ. ಮೂವರು ಕೆಲಸಕ್ಕಿಳಿದಿದ್ದರೆ ಮೂರು ಬೀಗ. ಮುಗಿಯದೆ ಮನೆಗೆ ಹೋಗುವ ಫಿಟ್ಟರ್, ಮುಂದಿನ ಶಿಫ್ಟಿನ ಫಿಟ್ಟರ್ ಬಂದು ತನ್ನ ಬೀಗ ಹಾಕಿದ ಮೇಲೇ ತನ್ನದು ತೆಗೆಯಬೇಕು. ಕಂಪನಿ ಬಸ್ ಹೊರಡುವ ಹೊತ್ತಾಯಿತೆಂದು ಕೀಲಿಯನ್ನು ಹೆಲ್ಪರ್ ಕೈಗೆ ಕೊಟ್ಟು ಓಡುವುದು ಎಲ್ಲ ಕಡೆ ನಡೆಯುತ್ತದೆ. ಇದಕ್ಕೆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಬಸ್ಸನ್ನು ಹದಿನೈದು ನಿಮಿಷ ತಡವಾಗಿ ಬಿಡಿಸಲು ಎಚ್‌ಆರ್ ಜೊತೆ ಜಗಳವಾಡಬೇಕಾದವನು ನೀನು. ನನ್ನನ್ನು ಕೇಳಿದರೆ ನಾಯಕತ್ವದ ಕೆಲಸದಲ್ಲಿ ಮುಕ್ಕಾಲು ಪಾಲು ಇಂಥದ್ದೇ.

ಇನ್ನು ನಿಲ್ಲಿಸುವ ಅಧಿಕಾರದ ವಿಷಯ. ಪೈಪರ್ ಹೊತ್ತಿ ಉರಿಯುವಾಗಲೂ ಅದೇ ಪೈಪ್‌ಲೈನಿಗೆ ಸೇರಿದ್ದ ಕ್ಲೇಮೋರ್ ವೇದಿಕೆ ಸುಮಾರು ಒಂದು ಗಂಟೆ ಹೊತ್ತು ಎಣ್ಣೆ ತಳ್ಳುತ್ತಲೇ ಇತ್ತು. ನಿಲ್ಲಿಸೋಣ ಎಂದು ಕೈಕೆಳಗಿನ ಅಧಿಕಾರಿ ಹೇಳಿದರೂ ಅಲ್ಲಿನ ಮ್ಯಾನೇಜರ್ ತೀರ್ಮಾನಕ್ಕೆ ಬರಲಿಲ್ಲ. ಉತ್ಪಾದನೆ ನಿಲ್ಲಿಸಿದರೆ ಮೇಲಿನವರಿಗೆ ಏನು ಉತ್ತರ ಕೊಡಲಿ ಎಂಬ ಅಳುಕು ನಿನ್ನ ಲೈನಿನಲ್ಲೂ ಇರುತ್ತದೆ, ಅದರಲ್ಲೂ ಕಾಂಟ್ರಾಕ್ಟ್ ಹುಡುಗರಿಗೆ. ಕೆಲಸವೇ ಹೋದೀತು ಎಂಬ ಭಯ ಅವರದು. ಅದಕ್ಕೇ ಯಾವ್ಯಾವಾಗ ಕೇಳದೆಯೇ ಮಷಿನ್ ನಿಲ್ಲಿಸಬಹುದೆಂದು ಬರೆದು ಲೈನಿನಲ್ಲಿ ಅಂಟಿಸು: ಗಾರ್ಡ್ ಬಿಚ್ಚಿದ್ದರೆ, ಸತತ ಎರಡು ಪೀಸ್ ಅಳತೆ ತಪ್ಪಿದರೆ, ಎಂದೂ ಇಲ್ಲದ ಶಬ್ದ ಅಥವಾ ವಾಸನೆ ಬಂದರೆ. ಕೆಳಗೆ ನಿನ್ನ ಸಹಿ, ನಿನ್ನ ಮ್ಯಾನೇಜರ್ ಸಹಿ.

ಯಾರಾದರೂ ಮೊದಲ ಸಲ ನಿಲ್ಲಿಸಿದ ದಿನ ನಿನ್ನ ಮುಖವನ್ನೇ ಎಲ್ಲರೂ ನೋಡುತ್ತಿರುತ್ತಾರೆ. ಹೋಗಿ ಪರೀಕ್ಷಿಸಿದರೆ ಏನೂ ಇರಲಿಲ್ಲ, ನಲವತ್ತು ನಿಮಿಷ ಹಾಳು ಎಂದಿಟ್ಟುಕೋ. "ನಿಲ್ಲಿಸಿದ್ದು ಒಳ್ಳೆಯದಾಯಿತು, ಏನು ಕೇಳಿಸಿತು ಹೇಳು" ಎಂದರೆ ನಾಳೆ ಇನ್ನೊಬ್ಬನೂ ನಿಲ್ಲಿಸುತ್ತಾನೆ. "ಇಷ್ಟಕ್ಕೆಲ್ಲ ನಿಲ್ಲಿಸ್ತಾರೇನೋ" ಎಂದೆಯೋ, ಆ ಚೀಟಿಯನ್ನು ಕಿತ್ತು ಬಿಸಾಡಿದರೂ ಒಂದೇ. ಆ ನಲವತ್ತು ನಿಮಿಷವನ್ನು ಡೌನ್‌ಟೈಮ್ ಲೆಕ್ಕದಲ್ಲಿ ಅವನ ಹೆಸರಿಗೆ ಹಾಕಬೇಡ, ಪ್ರೊಡಕ್ಷನ್ ಮೀಟಿಂಗಿನಲ್ಲಿ ನೀನೇ ಉತ್ತರ ಕೊಡು.

ಸೋಮವಾರದಿಂದ ಇಡೀ ಶಾಪಿನಲ್ಲಿ ಎಲ್ಲವನ್ನೂ ಒಟ್ಟಿಗೆ ತರಲು ಹೋಗಬೇಡ. ಹೆಚ್ಚು ಬ್ರೇಕ್‌ಡೌನ್ ಆಗುವ ಎರಡು ಮಷಿನ್ ಆರಿಸಿಕೋ, ಅವುಗಳ ಹ್ಯಾಂಡೋವರ್ ಮಾತ್ರ ಒಂದು ತಿಂಗಳು ಹೀಗೆ ನಡೆಸು. ಹಿಂದಿನ, ಮುಂದಿನ ಶಿಫ್ಟಿನ ಇನ್‌ಚಾರ್ಜ್‌ಗಳನ್ನು ಮೊದಲೇ ಕರೆದು ಚಹಾ ಕುಡಿಸಿ ಮಾತಾಡು. ಅವರು ಒಪ್ಪದೆ ನಿನ್ನದೊಂದೇ ಶಿಫ್ಟ್ ಬರೆದರೆ ಓದುವವರು ಯಾರು? ಲಾಗ್ ಬುಕ್ಕಿಗೆ ಯಾವ ಯಾವ ಕಾಲಂ ಹಾಕಬೇಕೆಂದಿದ್ದೀಯೋ ಬರೆದು ಕಳಿಸು, ಕೂತು ನೋಡೋಣ.

ಇಂತಿ ನಿನ್ನ
ಗೆಳೆಯ